ಬ್ರಿಸ್ಬೇನ್ ಕಯಾಕು, ಕೋಡಿಯ ಕಾಣೆ ಮತ್ತು ಅಪ್ಪಯ್ಯ

"ಇದ್ಕೆ ಗಾಳಿ ತುಂಬ್ಸಿ ಹೊಳಿಗೆ ಹೋಪುದಾ? ಚಿಪ್ಪ್ ತಾಗಿ ಒಡ್ದ್ ಹೋದ್ರೆ ಎಂತ ಮಾಡ್ತೆ?"

ಮನೆಯಂಗಳದಲ್ಲಿ ಬೆವರಿಳಿಸುತ್ತಾ ಪಂಪ್ ಒತ್ತುತ್ತಿದ್ದ ನನಗೆ ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ ಇದು. ಅಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಪಕ್ಕದ ಮನೆಯ ಮಕ್ಕಳು ಸುತ್ತ ಸೇರಿದ್ದರು.

ನಾಲ್ಕು ವಾರದ ರಜೆಗೆಂದು ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಊರಿಗೆ ಬಂದಿದ್ದೆವು. ಚಾಕೊಲೇಟು, ಬಟ್ಟೆ ಇರಬೇಕಾದ ಸೂಟ್‌ಕೇಸಲ್ಲಿ ನಾನು ತಂದದ್ದು 17 ಕೆಜಿ ತೂಕದ, ಗಾಳಿ ತುಂಬಿಸುವ, ಇಬ್ಬರು ಕೂರುವ ಕಯಾಕ್. "ಕುಂದಾಪುರಕ್ಕೆ ದೋಣಿ ಹೊತ್ಕೊಂಡು ಹೋಗುವ ಮೊದಲ ಮನುಷ್ಯ ನೀವೇ ಇರಬೇಕು" ಎಂದು ಹೆಂಡತಿ ಏರ್‌ಪೋರ್ಟ್‌ನಲ್ಲೇ ಹೇಳಿದ್ದಳು. ನಮ್ಮ ಮನೆ ಇರುವುದು ಕೋಡಿಯಲ್ಲಿ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಲ್ಲಿಯೂ ಕಾಣೆಯೇ

ಬ್ರಿಸ್ಬೇನ್‌ಗೆ ಹೋಗಿ ಆರು ವರ್ಷ. ಮೊದಲ ವರ್ಷ ಕೆಲಸ, ಮನೆ, ಸೂಪರ್ ಮಾರ್ಕೆಟ್ ಇಷ್ಟೇ. ಎರಡನೇ ವರ್ಷ ಆಫೀಸಿನ ಗೆಳೆಯನೊಬ್ಬ ಶನಿವಾರ ಬೆಳಿಗ್ಗೆ ಮಾರ್ಟನ್ ಕೊಲ್ಲಿಗೆ ಕರೆದುಕೊಂಡು ಹೋದ. ಅವನ ಕಯಾಕ್‌ನಲ್ಲಿ ಕೂತು ಗಾಳ ಹಾಕಿದೆ. ಅರ್ಧ ಗಂಟೆಯ ನಂತರ ಮೇಲೆ ಬಂದ ಮೀನು ಕಂಡು "ಅರೆ, ಕಾಣೆ!" ಎಂದು ಕೂಗಿದೆ. ಅವನು "ವೈಟಿಂಗ್" ಎಂದ. ನಾನು ಪುನಃ "ಕಾಣೆ" ಎಂದೆ.

ಆಮೇಲೆ ಓದಿ ತಿಳಿದುಕೊಂಡೆ, ಎರಡೂ ಸಿಲ್ಲಾಗೊ ಎಂಬ ಒಂದೇ ಕುಲದವು. ಅದೇ ಉದ್ದ ಮೈ, ಚೂಪು ಮೂತಿ, ಮರಳಿನ ಬಣ್ಣ. ನಮ್ಮ ಹೊಳೆಬಾಯಿಯ ಕಾಣೆಗೆ ಅಲ್ಲಿ ನೆಂಟರಿದ್ದರು. ಊರು ಬಿಟ್ಟು ಬಂದವನಿಗೆ ಅಷ್ಟು ಸಾಕಾಯಿತು. ಮರುತಿಂಗಳೇ ಸ್ವಂತ ಕಯಾಕ್ ಕೊಂಡೆ.

ಅಲ್ಲಿ ಹವ್ಯಾಸದ ಮೀನುಗಾರಿಕೆಗೂ ನಿಯಮ ಇದೆ. ನಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಸ್ಯಾಂಡ್ ವೈಟಿಂಗ್ 23 ಸೆಂ.ಮೀ. ಇಲ್ಲದಿದ್ದರೆ ವಾಪಸ್ ನೀರಿಗೆ ಬಿಡಬೇಕು. ಹಾಗಾಗಿ ಕಯಾಕ್‌ನಲ್ಲಿ ಗಾಳದ ಜೊತೆ ಒಂದು ಅಳತೆಪಟ್ಟಿಯೂ ಇರುತ್ತದೆ. ಆ ಪಟ್ಟಿಯೂ ಸೂಟ್‌ಕೇಸಲ್ಲಿ ಬಂದಿತ್ತು.

ತೆಂಗಿನಡಿಯ ಪಾತಿ ದೋಣಿ

ಕಯಾಕ್ ಎಂದರೆ ನಮಗೀಗ ರೆಸಾರ್ಟ್, ರೀಲ್ಸ್ ನೆನಪಾಗುತ್ತದೆ. ಮೂಲದಲ್ಲಿ ಅದು ದುಡಿಯುವವರ ದೋಣಿ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಮರದ ಅಥವಾ ಮೂಳೆಯ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ, ಬೇಟೆಗೂ ಮೀನಿಗೂ ಬಳಸುತ್ತಿದ್ದರು. ನಮ್ಮ ಪಾತಿ ದೋಣಿಗೂ ಅದಕ್ಕೂ ಬಹಳ ದೂರವಿಲ್ಲ. ಒಬ್ಬಿಬ್ಬರು ಹುಟ್ಟು ಹಾಕಿಕೊಂಡು ಹೋಗುವುದು, ಸಿಕ್ಕಿದ್ದನ್ನು ಮನೆಗೆ ತರುವುದು.

ಅಪ್ಪಯ್ಯನ ಪಾತಿ ದೋಣಿ ಇನ್ನೂ ತೆಂಗಿನ ಮರದಡಿ ಕವುಚಿ ಬಿದ್ದಿದೆ. ಅಜ್ಜ ರಂಪಣಿ ಬಲೆ ಎಳೆದವರು. ಊರಿನ ಹತ್ತಾರು ಜನ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ ಅದು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಶಕ ಮುಗಿಯುವಷ್ಟರಲ್ಲಿ ರಂಪಣಿಯ ಕಾಲ ಮುಗಿದೇ ಹೋಯಿತು. ಅಪ್ಪಯ್ಯ ಗಂಗೊಳ್ಳಿಯ ಬೋಟುಗಳಲ್ಲಿ ದುಡಿದರು. ಬೋಟ್ ಇಲ್ಲದ ದಿನ ಪಾತಿ ದೋಣಿಯಲ್ಲಿ ಹೊಳೆಗೆ ಹೋಗುತ್ತಿದ್ದರು. ಈಗ ಅವರಿಗೆ 70. ಆರು ವರ್ಷದಿಂದ ನೀರಿಗೆ ಇಳಿದಿಲ್ಲ.

ಒಂದು ವಿಷಯ ಮಾತ್ರ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಚಿಕ್ಕವನಿದ್ದಾಗ ಒಮ್ಮೆಯೂ ಅವರು ನನ್ನನ್ನು ದೋಣಿಗೆ ಹತ್ತಿಸಲಿಲ್ಲ. ಕೇಳಿದರೆ "ಓದ್, ಓದ್" ಅಷ್ಟೇ.

ಸಾಲಿಗ್ರಾಮ, ಮರವಂತೆ, ಖಾಲಿ ಬುಟ್ಟಿ

ಮೊದಲ ವಾರ ಹೆಂಡತಿ, ಮಗಳನ್ನು ಕರೆದುಕೊಂಡು ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮಕ್ಕೆ ಹೋದೆ. ಪಾರಂಪಳ್ಳಿ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಕಯಾಕಿಂಗ್ ಮಾಡಿಸುತ್ತಾರೆ. ಬಾಡಿಗೆ ಕಯಾಕು, ಲೈಫ್ ಜಾಕೆಟ್, ಜೊತೆಗೆ ಜಾಗ ಬಲ್ಲ ಹುಡುಗರು. ಎರಡೂ ಬದಿಯ ಕಾಂಡ್ಲಾ ಗಿಡಗಳು ತಲೆ ಮೇಲೆ ಕೂಡಿಕೊಂಡು ಹಸಿರು ಸುರಂಗದ ಹಾಗೆ ಆಗಿರುತ್ತವೆ. ಮಗಳು ಬೇರುಗಳ ನಡುವಿನ ಏಡಿ ಎಣಿಸಿದ್ದೇ ಎಣಿಸಿದ್ದು. ಗಾಳ ಹಾಕುವ ಜಾಗ ಅದಲ್ಲ. ಸಣ್ಣ ಮೀನು, ಚಟ್ಲಿ ಮರಿಗಳು ಬೆಳೆಯುವುದೇ ಅಂಥ ಬೇರುಗಳ ನಡುವೆ. ನೋಡಿಕೊಂಡು ಬಂದೆವು.

ಎರಡನೇ ಪ್ರಯತ್ನ ಬೈಂದೂರು ಕಡೆ, ಮರವಂತೆಯಲ್ಲಿ. ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಫೋಟೊಕ್ಕೆ ಅದಕ್ಕಿಂತ ಚಂದದ ಜಾಗ ಇನ್ನೊಂದಿಲ್ಲ. ಮೀನು ಮಾತ್ರ ಒಂದೂ ಸಿಗಲಿಲ್ಲ. ಬ್ರಿಸ್ಬೇನ್‌ನಿಂದ ತಂದ ಬಣ್ಣದ ರಬ್ಬರ್ ಮೀನುಗಳಲ್ಲಿ ಎರಡು ಕಲ್ಲಿಗೆ ಸಿಕ್ಕಿ ಹೋದವು. ಮನೆಗೆ ಬಂದಾಗ ಅಪ್ಪಯ್ಯ ಬುಟ್ಟಿ ಇಣುಕಿ, ಏನೂ ಹೇಳದೆ ಎಲೆಯಡಿಕೆ ಹಾಕಿಕೊಂಡರು. ಆ ಮೌನ ನನಗೆ ಚುಚ್ಚಿತು.

ಹುಣ್ಣಿಮೆಯ ಮಧ್ಯಾಹ್ನ

ತಪ್ಪು ಮಾಡಿದ್ದು ಆಮೇಲೆ. ಹುಣ್ಣಿಮೆ ದಿನ, ಊಟ ಮುಗಿಸಿ ಎರಡು ಗಂಟೆಗೆ, ಯಾರಿಗೂ ಹೇಳದೆ ಒಬ್ಬನೇ ಮನೆ ಹಿಂದಿನ ಹೊಳೆಗೆ ಇಳಿದೆ. ಫೋನಲ್ಲಿ ಹವಾಮಾನ ನೋಡಿದ್ದೆ. ಮಳೆ ಇಲ್ಲ, ಬಿಸಿಲು. ಆದರೆ ನೀರು ಯಾವ ಕಡೆ ಹೋಗುತ್ತಿದೆ ಎಂದು ನೋಡಲಿಲ್ಲ.

ನಮ್ಮ ಹೊಳೆಗೆ ಪಂಚಗಂಗಾವಳಿ ಎನ್ನುತ್ತಾರೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಕೂಡಿ, ಕೋಡಿಗೂ ಗಂಗೊಳ್ಳಿಗೂ ನಡುವಿನ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಭರತದಲ್ಲಿ ಒಳಬಂದ ಸಮುದ್ರದ ನೀರು, ಐದು ನದಿಯ ನೀರು, ಎಲ್ಲ ಸೇರಿ ಆರು ಗಂಟೆಯಲ್ಲಿ ಆ ಒಂದು ಬಾಯಿಯಿಂದ ಹೊರಗೆ ಹೋಗಬೇಕು.

ಮೊದಲು ಖುಷಿಯೇ ಆಯಿತು. ಹುಟ್ಟು ಹಾಕದೆಯೂ ಕಯಾಕ್ ಓಡುತ್ತಿತ್ತು. ಎರಡು ಸಲ ಗಾಳ ಹಾಕಿ ತಲೆ ಎತ್ತಿ ನೋಡಿದರೆ ಗಂಗೊಳ್ಳಿ ಬಂದರಿನ ಬೋಟುಗಳು ಪಕ್ಕದಲ್ಲೇ. ಮುಂದೆ ಅಳಿವೆಯ ಬಾಯಿ. ಮಧ್ಯಾಹ್ನದ ಪಡುಗಾಳಿ ಸಮುದ್ರದಿಂದ ಒಳಗೆ ಬೀಸುತ್ತಿತ್ತು, ನೀರು ಒಳಗಿಂದ ಹೊರಗೆ ನುಗ್ಗುತ್ತಿತ್ತು. ಎರಡೂ ಎದುರುಬದುರಾದ ಕಡೆ ಅಲೆಗಳು ಗೋಡೆಯಂತೆ ಎದ್ದು ಒಡೆಯುತ್ತಿದ್ದವು. ವಾಪಸ್ ತಿರುಗಿಸಿ ಹತ್ತು ನಿಮಿಷ ಪ್ರಾಣ ಬಿಟ್ಟು ಹುಟ್ಟು ಹಾಕಿದೆ. ದಡದ ಅದೇ ತೆಂಗಿನ ಮರ ಅಲ್ಲೇ ಇತ್ತು. ನಾನೂ ಅಲ್ಲೇ ಇದ್ದೆ.

ಆಗ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಮಗಳ ಮುಖ ನೆನಪಾಯಿತು.

ನೀರಿಗೆ ಎದುರು ಹೋಗುವುದು ಬಿಟ್ಟು ಓರೆಯಾಗಿ ಅಡ್ಡ ಹೊಡೆದೆ. ನೀರು ಇಳಿದಂತೆ ಮೇಲೆದ್ದಿದ್ದ ಒಂದು ಮರಳದಿಣ್ಣೆಗೆ ಕಯಾಕ್ ತಾಗಿತು. ಹಾರಿ ಇಳಿದು, ಎಳೆದುಕೊಂಡು ಮೇಲೆ ಕೂತೆ. ಫೋನ್ ಒದ್ದೆಯಾಗಿ ಸತ್ತಿತ್ತು. ಸೂರ್ಯ ಕೆಳಗಿಳಿಯುತ್ತಿದ್ದ.

ಒಂದೂವರೆ ಗಂಟೆಯ ನಂತರ ಪಕ್ಕದ ಮನೆಯ ಅಣ್ಣನ ಇಂಜಿನ್ ದೋಣಿ ಬಂತು. ಅದರ ಮುಂದೆ, ಆರು ವರ್ಷದ ನಂತರ ನೀರಿಗೆ ಇಳಿದ ಅಪ್ಪಯ್ಯ ನಿಂತಿದ್ದರು. ಅಂಗಳದಲ್ಲಿ ಕಯಾಕ್ ಇಲ್ಲದ್ದು ಕಂಡು, ಇಳಿತದ ಹೊತ್ತು ಲೆಕ್ಕ ಹಾಕಿ, ನಾನು ಎಲ್ಲಿರಬಹುದೆಂದು ಅವರೇ ಹೇಳಿದ್ದರಂತೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನೀರ್ ಕಾಣ್ದೆ ಹೋದ್ಯಲ ಮಗಾ" ಎಂದರು. ಸ್ವಲ್ಪ ಹೊತ್ತಿನ ನಂತರ, ನನ್ನ ಕಡೆ ನೋಡದೆ, "ನಿನ್ನ ಈ ನೀರಿಂದ ಮೇಲ್ ಹತ್ಸುಕೇ ನಾನ್ ಅಷ್ಟ್ ವರ್ಷ ನೀರಂಗೆ ಇದ್ದದ್ದ್. ನೀನ್ ದುಡ್ಡ್ ಕೊಟ್ಟ್ ವಾಪಸ್ ಇಳ್ದ್ಯಲಾ" ಎಂದರು.

ದೋಣಿಗೆ ಯಾಕೆ ಹತ್ತಿಸಲಿಲ್ಲ ಎಂಬ ಪ್ರಶ್ನೆಗೆ ಮೂವತ್ತು ವರ್ಷದ ನಂತರ ಉತ್ತರ ಸಿಕ್ಕಿತ್ತು. ನಾನೇನೂ ಮಾತಾಡಲಿಲ್ಲ. ಅಣ್ಣ ಇಂಜಿನ್ ಜೋರು ಮಾಡಿದ.

ಕಾಣೆ ಬಂತು

ಎರಡು ದಿನ ಕಯಾಕ್ ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಅಪ್ಪಯ್ಯನೇ ಎಬ್ಬಿಸಿದರು. "ಏಳ್. ಈಗ ಭರತ ಶುರು ಆಯ್ತ್. ಹೋಯಿ ಕಾಂಬ." ಕೈಯಲ್ಲಿ ಚಟ್ಲಿ ಇದ್ದ ಪ್ಲಾಸ್ಟಿಕ್ ಡಬ್ಬಿ. ರಬ್ಬರ್ ಮೀನುಗಳನ್ನು ಮನೆಯಲ್ಲೇ ಬಿಡಿಸಿದರು. ಲೈಫ್ ಜಾಕೆಟ್ ಹಾಕಿ ಎಂದಾಗ "ನಂಗೆ ಇದಾ?" ಎಂದು ನಕ್ಕರು. ಹಾಕದಿದ್ದರೆ ನಾನು ಬರುವುದಿಲ್ಲ ಎಂದೆ. ಹಾಕಿಕೊಂಡರು.

ಅವರು ಮುಂದೆ, ನಾನು ಹಿಂದೆ. ಅಳಿವೆಯ ಕಡೆ ಹೋಗಲೇ ಇಲ್ಲ. ಒಳಬರುವ ನೀರಿನ ಜೊತೆ ಮೇಲಕ್ಕೆ ಹೋಗಿ, ಮುಳುಗುತ್ತಿದ್ದ ಒಂದು ಮರಳದಿಣ್ಣೆಯ ಅಂಚಿನಲ್ಲಿ ನಿಲ್ಲಿಸಿದೆವು. "ನೀರ್ ಏರುವಾಗ ಕಾಣೆ ದಿಣ್ಣಿ ಮೇಲೆ ತಿಂಬುಕೆ ಬತ್ತ್. ಶಬ್ದ ಮಾಡುಕಾಗ. ನೆರಳ್ ಬೀಳುಕಾಗ." ಬಲೆ ಬಿದ್ದರೆ ಕಾಣೆ ಮರಳಿನೊಳಗೆ ಹೂತುಕೊಳ್ಳುತ್ತದೆ, ಅದಕ್ಕೇ ಗಾಳವೇ ಚಂದ ಎಂದೂ ಹೇಳಿದರು. ಬ್ರಿಸ್ಬೇನ್‌ನಲ್ಲಿ ಯೂಟ್ಯೂಬ್ ನೋಡಿ ನಾಲ್ಕು ವರ್ಷ ಕಲಿತದ್ದೆಲ್ಲ ಅಪ್ಪಯ್ಯನ ಆ ನಾಲ್ಕು ಮಾತಲ್ಲಿ ಇತ್ತು.

ಎರಡು ಗಂಟೆಯಲ್ಲಿ ಹನ್ನೊಂದು ಕಾಣೆ. ಎಂಟು ಅವರದ್ದು, ಮೂರು ನನ್ನದು.

ನಾನು ಅಳತೆಪಟ್ಟಿ ತೆಗೆದೆ. ನಾಲ್ಕು ಮೀನು 23 ಸೆಂ.ಮೀ. ಇರಲಿಲ್ಲ. ವಾಪಸ್ ಬಿಡುತ್ತೇನೆ ಎಂದಾಗ ಅಪ್ಪಯ್ಯ ನನ್ನನ್ನೇ ನೋಡಿದರು. "ಹಿಡ್ದ ಮೀನ್ ಬಿಡೂದಾ? ಹೊಟ್ಟಿಗಿಲ್ದವ್ರಿಗೆ ಇದನ್ನ ಹೇಳ್ ಕಾಂಬ." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನಗೆ ಇದು ರಜೆ. ಅದೇ ಹೊಳೆಯಲ್ಲಿ ಆಚೆ ಬದಿ ಬಲೆ ಬಿಡುತ್ತಿದ್ದವರಿಗೆ ಅವತ್ತಿನ ಅಕ್ಕಿ. "ನಮ್ಮನೆಯಲ್ಲಿ ಇವತ್ತು ಏಳು ಸಾಕಲ್ದಾ ಅಪ್ಪಯ್ಯ?" ಎಂದೆ. ಸ್ವಲ್ಪ ಯೋಚಿಸಿ, "ಸಾಕ್, ಬಿಡ್" ಎಂದರು. ನಾಲ್ಕನ್ನೂ ಅವರೇ ಕೈಯಾರೆ ನೀರಿಗಿಟ್ಟರು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಕಾಣೆ ಫ್ರೈ. ಮಗಳು ಮುಳ್ಳು ಬಿಡಿಸಲು ಅಜ್ಜನಿಂದ ಕಲಿತಳು.

ನೀವೂ ಹೋಗುವುದಾದರೆ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದ ಹೊಳೆಗೆ ಕಯಾಕ್ ಇಳಿಸಲೇಬೇಡಿ. ಹೊಸಬರು ಸಾಲಿಗ್ರಾಮದಂಥ ಕಡೆ, ಜಾಗ ಗೊತ್ತಿರುವವರ ಜೊತೆ ಶುರು ಮಾಡಿ.

ಹವಾಮಾನಕ್ಕಿಂತ ಮೊದಲು ಉಬ್ಬರ ಇಳಿತದ ಹೊತ್ತು ನೋಡಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಭರತದಲ್ಲಿ ಹೊರಡಿ. ಇಳಿತದಲ್ಲಿ ಅಳಿವೆಯ ಹತ್ತಿರ ಹೋಗಬೇಡಿ.

ಲೈಫ್ ಜಾಕೆಟ್ ಕಡ್ಡಾಯ ಎಂದುಕೊಳ್ಳಿ. ಫೋನಿಗೆ ನೀರು ಹೋಗದ ಚೀಲ ಇರಲಿ. ಮನೆಯಲ್ಲಿ ಹೇಳಿ ಹೋಗಿ. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡ್‌ನದ್ದು 1554. ಬಲೆ ಬಿಟ್ಟ ಜಾಗದಿಂದ ದೂರ ಇರಿ. ಅದು ಅವರ ಆಫೀಸು.

ಕಯಾಕ್ ವಾಪಸ್ ತರಲಿಲ್ಲ. ಗಾಳಿ ಬಿಟ್ಟು, ಮಡಚಿ, ಅಪ್ಪಯ್ಯನ ಹಳೆಯ ಬಲೆಗಳ ಪಕ್ಕ ಇಟ್ಟು ಬಂದೆ. ಅಳತೆಪಟ್ಟಿಯೂ ಅಲ್ಲೇ ಉಳಿಯಿತು.

ಕಳೆದ ವಾರ ಬ್ರಿಸ್ಬೇನ್‌ನಲ್ಲಿ ಮೀಟಿಂಗ್ ನಡುವೆ ವಾಟ್ಸಾಪ್ ಬಂತು. ಪಟ್ಟಿಯ ಮೇಲೆ ಸಾಲಾಗಿ ಮಲಗಿದ ಮೂರು ಕಾಣೆಯ ಫೋಟೊ, ಜೊತೆಗೆ ಅಪ್ಪಯ್ಯನ ವಾಯ್ಸ್ ಮೆಸೇಜ್: "ಪಕ್ಕದ್ಮನಿ ಗಂಡಿನ ಕರ್ಕಂಡ್ ಹೋಯಿದ್ದೆ. ಜಾಕೆಟ್ ಹಾಕಿದ್ದೆ. ನಾಲ್ಕ್ ಸಿಕ್ಕಿತ್. ಒಂದ್ ಸಣ್ಣದ್ ಇದ್ದಿತ್, ಬಿಟ್ಟೆ."