ಸ್ಥೂಲಕಾಯದ ತೂಕ ಇಳಿಕೆ

ಸ್ಥೂಲಕಾಯದ ತೂಕ ಇಳಿಕೆ ಎಂದರೆ ದೇಹದಲ್ಲಿ ಅತಿಯಾಗಿ ಸಂಗ್ರಹವಾದ ಕೊಬ್ಬನ್ನು ಆಹಾರಕ್ರಮ, ದೈಹಿಕ ಚಟುವಟಿಕೆ, ಔಷಧ ಅಥವಾ ಶಸ್ತ್ರಚಿಕಿತ್ಸೆಯ ಮೂಲಕ ಕಡಿಮೆ ಮಾಡುವ ಕ್ರಮ. ಎರಡು ಮೂರು ಕಿಲೋಗ್ರಾಂ ಇಳಿಸಬೇಕಾದವರಿಗೂ ಮೂವತ್ತು ನಲವತ್ತು ಕಿಲೋಗ್ರಾಂ ಇಳಿಸಬೇಕಾದವರಿಗೂ ಮೂಲತತ್ವ ಒಂದೇ. ಆದರೆ ಎರಡನೆಯವರ ವಿಷಯದಲ್ಲಿ ಕಾಲಾವಧಿ ದೀರ್ಘವಾಗಿರುತ್ತದೆ, ಮಧುಮೇಹ ಮತ್ತು ರಕ್ತದೊತ್ತಡದಂತಹ ಕಾಯಿಲೆಗಳು ಜೊತೆಗಿರುವ ಸಂಭವ ಹೆಚ್ಚು, ಇಳಿದ ತೂಕ ಮತ್ತೆ ಏರದಂತೆ ನೋಡಿಕೊಳ್ಳುವುದು ಪ್ರತ್ಯೇಕ ಕೆಲಸವೇ ಆಗುತ್ತದೆ. ಈ ಲೇಖನವು ಮುಖ್ಯವಾಗಿ ವಯಸ್ಕರಲ್ಲಿ ಇಂತಹ ಪ್ರಯತ್ನದ ಆರಂಭಿಕ ಹಂತವನ್ನು ವಿವರಿಸುತ್ತದೆ. ಮಕ್ಕಳು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರಿಗೆ ಅನ್ವಯಿಸುವ ಕ್ರಮಗಳು ಬೇರೆ.

ಅಳತೆ ಮತ್ತು ವರ್ಗೀಕರಣ

ಸ್ಥೂಲಕಾಯವನ್ನು ಸಾಮಾನ್ಯವಾಗಿ ದೇಹ ದ್ರವ್ಯರಾಶಿ ಸೂಚ್ಯಂಕದಿಂದ (ಬಿಎಂಐ) ಅಳೆಯಲಾಗುತ್ತದೆ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ 19ನೇ ಶತಮಾನದಲ್ಲಿ ಈ ಅನುಪಾತವನ್ನು ರೂಪಿಸಿದನು. ಇಂದಿನ ಹೆಸರನ್ನು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ನೀಡಿದರು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೂಚ್ಯಂಕವು 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ತೂಕ, 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಥೂಲಕಾಯ. ಭಾರತೀಯರಲ್ಲಿ ಅದೇ ಸೂಚ್ಯಂಕಕ್ಕೆ ಕೊಬ್ಬಿನ ಅಂಶ, ಅದರಲ್ಲೂ ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚಿರುವುದರಿಂದ ಭಾರತೀಯ ತಜ್ಞರು 2009ರಲ್ಲಿ ಈ ಮಿತಿಗಳನ್ನು ಕ್ರಮವಾಗಿ 23 ಮತ್ತು 25ಕ್ಕೆ ಇಳಿಸಿದರು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೂ ಅಪಾಯದ ಸೂಚನೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಸುಮಾರು ಶೇ. 23 ಮಂದಿಯ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚಿತ್ತು.

ಉದಾಹರಣೆಗೆ, 160 ಸೆಂ.ಮೀ. ಎತ್ತರದ ವ್ಯಕ್ತಿಯ ತೂಕ 110 ಕಿ.ಗ್ರಾಂ ಇದ್ದರೆ ಸೂಚ್ಯಂಕ 43 ಆಗುತ್ತದೆ. ಅದನ್ನು 25ಕ್ಕೆ ತರಬೇಕಾದರೆ ತೂಕ 64 ಕಿ.ಗ್ರಾಂಗೆ ಇಳಿಯಬೇಕು, ಅಂದರೆ 46 ಕಿ.ಗ್ರಾಂ ಕಡಿಮೆಯಾಗಬೇಕು. ಆದರೆ ಆರೋಗ್ಯದ ಲಾಭ ದೊರೆಯಲು ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಇತಿಹಾಸ

ತೂಕ ಇಳಿಕೆಯ ಬಗ್ಗೆ ಜನಸಾಮಾನ್ಯರಿಗಾಗಿ ಬರೆದ ಆರಂಭಿಕ ಕೃತಿಗಳಲ್ಲಿ ಪ್ರಸಿದ್ಧವಾದುದು ಲಂಡನ್ನಿನ ಶವಸಂಸ್ಕಾರ ವ್ಯವಸ್ಥಾಪಕ ವಿಲಿಯಂ ಬ್ಯಾಂಟಿಂಗ್ (1796–1878) 1863ರಲ್ಲಿ ಪ್ರಕಟಿಸಿದ ಸ್ಥೂಲಕಾಯವನ್ನು ಕುರಿತ ಪತ್ರ. 66ನೇ ವಯಸ್ಸಿನಲ್ಲಿ ಆತನ ತೂಕ 202 ಪೌಂಡ್ (ಸುಮಾರು 92 ಕಿ.ಗ್ರಾಂ) ಇತ್ತು. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವುದು ಸಾಧ್ಯವಾಗುತ್ತಿರಲಿಲ್ಲ. ವೈದ್ಯರ ಸಲಹೆಯಂತೆ ಆತ ಮೊದಲು ದೋಣಿ ನಡೆಸುವ ವ್ಯಾಯಾಮ ಮಾಡಿದ. ಅದರಿಂದ ಹಸಿವು ಹೆಚ್ಚಿತೇ ಹೊರತು ತೂಕ ಇಳಿಯಲಿಲ್ಲ. ಕೊನೆಗೆ ಕಿವಿಯ ತೊಂದರೆಗಾಗಿ ಕಂಡ ವೈದ್ಯ ವಿಲಿಯಂ ಹಾರ್ವೆ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್ ಮತ್ತು ಆಲೂಗಡ್ಡೆಯನ್ನು ಬಿಡಲು ಹೇಳಿದ. ಸುಮಾರು ಒಂದು ವರ್ಷದಲ್ಲಿ ಬ್ಯಾಂಟಿಂಗ್ 46 ಪೌಂಡ್ (ಸುಮಾರು 21 ಕಿ.ಗ್ರಾಂ) ಇಳಿದನು. ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ ಬಳಕೆಯಲ್ಲಿರುವ 'ಬಾಂಟಾ' ಎಂಬ ಕ್ರಿಯಾಪದ ಆತನ ಹೆಸರಿನಿಂದಲೇ ಬಂದಿದೆ.

ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಪ್ರಕಟಿಸಿದ ಪುಸ್ತಕವು ಕ್ಯಾಲೊರಿ ಎಣಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. 1965-66ರಲ್ಲಿ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ ಎಂಬಾತ ಡಂಡಿ ನಗರದ ವೈದ್ಯರ ನಿಗಾದಲ್ಲಿ 382 ದಿನ ಘನಾಹಾರವಿಲ್ಲದೆ ಇದ್ದು 207 ಕಿ.ಗ್ರಾಂನಿಂದ 82 ಕಿ.ಗ್ರಾಂಗೆ ಇಳಿದನು. ಆದರೆ ಇಂತಹ ದೀರ್ಘ ಉಪವಾಸದ ಚಿಕಿತ್ಸೆಯಲ್ಲಿ ಮರಣಗಳೂ ವರದಿಯಾದ ಕಾರಣ ಆ ಕ್ರಮವನ್ನು ವೈದ್ಯಕೀಯ ಕ್ಷೇತ್ರ ಕೈಬಿಟ್ಟಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದ ಬಳಿಕ, ಸ್ಥೂಲಕಾಯವು ಕೇವಲ ಮನೋನಿಗ್ರಹದ ಕೊರತೆಯಲ್ಲ, ಹಸಿವನ್ನು ನಿಯಂತ್ರಿಸುವ ದೇಹವ್ಯವಸ್ಥೆಗೂ ಅದಕ್ಕೂ ಸಂಬಂಧವಿದೆ ಎಂಬ ತಿಳಿವಳಿಕೆ ಬಲಗೊಂಡಿತು.

ದೇಹದಲ್ಲಿ ನಡೆಯುವ ಪ್ರಕ್ರಿಯೆ

ಆಹಾರದಿಂದ ದೊರೆಯುವ ಶಕ್ತಿಗಿಂತ ದೇಹ ವ್ಯಯಿಸುವ ಶಕ್ತಿ ಹೆಚ್ಚಾದಾಗ ಸಂಗ್ರಹದ ಕೊಬ್ಬು ಕರಗುತ್ತದೆ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಈ ಲೆಕ್ಕದಲ್ಲಿ ದಿನಕ್ಕೆ 500 ಕಿಲೋಕ್ಯಾಲೊರಿ ಕೊರತೆಯಾದರೆ ವಾರಕ್ಕೆ ಅರ್ಧ ಕಿಲೋಗ್ರಾಂನಷ್ಟು ಇಳಿಯಬೇಕು. ವಾಸ್ತವದಲ್ಲಿ ಇಳಿಕೆ ಇಷ್ಟು ಸಮನಾಗಿರುವುದಿಲ್ಲ.

ಮೊದಲ ಒಂದೆರಡು ವಾರಗಳಲ್ಲಿ ತೂಕ ವೇಗವಾಗಿ ಇಳಿಯುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿನ ಗ್ಲೈಕೋಜನ್ ಖರ್ಚಾಗುವಾಗ ಅದರೊಡನೆ ಹಿಡಿದಿಟ್ಟ ನೀರೂ ಹೊರಹೋಗುವುದು ಇದಕ್ಕೆ ಕಾರಣ. ಅನಂತರ ವೇಗ ತಗ್ಗುತ್ತದೆ. ಇದು ಸೋಲಲ್ಲ, ನೀರಿನ ಇಳಿಕೆ ಮುಗಿದು ಕೊಬ್ಬಿನ ಇಳಿಕೆ ಮಾತ್ರ ಉಳಿದಿದೆ ಎಂಬುದರ ಸೂಚನೆ. ಈ ವ್ಯತ್ಯಾಸ ತಿಳಿಯದೆ ಪ್ರಯತ್ನವನ್ನು ಮೊದಲ ತಿಂಗಳಲ್ಲೇ ಕೈಬಿಡುವುದುಂಟು.

ತೂಕ ಇಳಿದಂತೆ ಹಗುರವಾದ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಅಮೆರಿಕದ ಒಂದು ದೂರದರ್ಶನ ಸ್ಪರ್ಧೆಯಲ್ಲಿ ಅತಿವೇಗವಾಗಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವಿಶ್ರಾಂತಿಯಲ್ಲಿ ಅವರ ದೇಹವು ನಿರೀಕ್ಷೆಗಿಂತ ದಿನಕ್ಕೆ ಸರಾಸರಿ ಸುಮಾರು 500 ಕಿಲೋಕ್ಯಾಲೊರಿ ಕಡಿಮೆ ವ್ಯಯಿಸುತ್ತಿತ್ತು. ಆಸ್ಟ್ರೇಲಿಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ತೂಕ ಇಳಿದು ವರ್ಷವಾದರೂ ಹಸಿವನ್ನು ಹೆಚ್ಚಿಸುವ ಹಾರ್ಮೋನುಗಳ ಬದಲಾವಣೆ ಹಾಗೆಯೇ ಉಳಿದಿದ್ದುದು ಕಂಡುಬಂತು.

ಆರಂಭಕ್ಕೆ ಮುನ್ನ

ಹೆಚ್ಚಿನ ಪ್ರಮಾಣದ ತೂಕ ಇಳಿಸಬೇಕಾದವರು ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್, ಯಕೃತ್ತು ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಸಾಮಾನ್ಯವಾಗಿ ಮಾಡಲಾಗುತ್ತದೆ. ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಹಗಲಿನ ತೂಕಡಿಕೆ ಇದ್ದರೆ ನಿದ್ರಾ ಶ್ವಾಸಸ್ತಂಭನದ ಸಾಧ್ಯತೆ ಇರುತ್ತದೆ.

ಮಧುಮೇಹಿಗಳು ವಿಶೇಷವಾಗಿ ಎಚ್ಚರ ವಹಿಸಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿ ಊಟವನ್ನು ಮಾತ್ರ ಥಟ್ಟನೆ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಬೆವರು, ನಡುಕ, ಗೊಂದಲ, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ತೂಕ ಇಳಿದಂತೆ ತಲೆಸುತ್ತು ಬರಬಹುದು. ಎರಡೂ ಸಂದರ್ಭಗಳಲ್ಲಿ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ರೋಗಿಯು ತಾನಾಗಿ ನಿಲ್ಲಿಸಬಾರದು. ಸ್ಟೀರಾಯ್ಡ್ ಹಾಗೂ ಕೆಲವು ಮಾನಸಿಕ ಕಾಯಿಲೆಗಳ ಔಷಧಗಳು ತೂಕವನ್ನು ಹೆಚ್ಚಿಸುವುದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತಿಳಿಸುವುದು ಉಚಿತ.

ಗುರಿಯ ನಿರ್ಧಾರ

ಆರಂಭದ ಗುರಿಯಾಗಿ ಈಗಿನ ತೂಕದ ಶೇ. 5ರಿಂದ 10ರಷ್ಟನ್ನು ಇಳಿಸುವುದನ್ನು ಸೂಚಿಸಲಾಗುತ್ತದೆ. ಮೇಲಿನ ಉದಾಹರಣೆಯ 110 ಕಿ.ಗ್ರಾಂ ತೂಕದ ವ್ಯಕ್ತಿಗೆ ಮೊದಲ ಗುರಿ 46 ಕಿ.ಗ್ರಾಂ ಅಲ್ಲ, ಐದೂವರೆ ಕಿ.ಗ್ರಾಂ. ಈ ಪ್ರಮಾಣದ ಇಳಿಕೆಯಿಂದಲೇ ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ಟ್ರೈಗ್ಲಿಸರೈಡ್ ಮಟ್ಟಗಳು ಸುಧಾರಿಸುತ್ತವೆ. ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯನ್ನು ಒಳಗೊಂಡ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ (2002) ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ಚಟುವಟಿಕೆಯ ಗುರಿ ಹೊಂದಿದ್ದವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ. 58ರಷ್ಟು ಕಡಿಮೆಯಾಯಿತು.

ಆಹಾರ

ಯಾವ ಪಥ್ಯ ಉತ್ತಮ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 609 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬು ಕಡಿಮೆ ಮಾಡಿದವರಿಗೂ ಪಿಷ್ಟ ಕಡಿಮೆ ಮಾಡಿದವರಿಗೂ ಒಂದು ವರ್ಷದ ಕೊನೆಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಹುಕಾಲ ಪಾಲಿಸಲು ಸಾಧ್ಯವಾಗುವ ಕ್ರಮವೇ ಹೆಚ್ಚು ಫಲ ನೀಡುತ್ತದೆ.

ಕರ್ನಾಟಕದಲ್ಲಿ ಅನ್ನವನ್ನು ಬಿಟ್ಟು ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 355 ಕಿಲೋಕ್ಯಾಲೊರಿ ಇವೆ. ಅಂತರ ದೊಡ್ಡದಲ್ಲ. ರಾಗಿಯ ನಾರಿನಂಶದಿಂದ ಹೊಟ್ಟೆ ಬೇಗ ತುಂಬಿದಂತಾಗುವುದು ನಿಜವಾದರೂ ಮುದ್ದೆಯ ಗಾತ್ರ ದೊಡ್ಡದಾದರೆ ಆ ಲಾಭ ಉಳಿಯುವುದಿಲ್ಲ. ಧಾನ್ಯ ಯಾವುದಾದರೂ ಅಳತೆ ಮುಖ್ಯ.

ಆರಂಭದಲ್ಲಿ ಸಾಮಾನ್ಯವಾಗಿ ಸೂಚಿಸುವ ಬದಲಾವಣೆಗಳು:

• ತಟ್ಟೆಯ ಅರ್ಧಭಾಗವನ್ನು ಪಲ್ಯ, ಸೊಪ್ಪು, ಕೋಸಂಬರಿಗೆ ಮೀಸಲಿಟ್ಟು ಉಳಿದರ್ಧದಲ್ಲಿ ಧಾನ್ಯ ಮತ್ತು ಬೇಳೆಕಾಳುಗಳನ್ನು ಬಡಿಸಿಕೊಳ್ಳುವುದು.
• ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ, ಮೀನು ಮುಂತಾದ ಪ್ರೋಟೀನ್ ಮೂಲಗಳನ್ನು ಪ್ರತಿ ಊಟದಲ್ಲಿ ಸೇರಿಸುವುದು. ಇದರಿಂದ ಹಸಿವು ತಗ್ಗುತ್ತದೆ, ಸ್ನಾಯುನಷ್ಟವೂ ಕಡಿಮೆಯಾಗುತ್ತದೆ.
• ಎಣ್ಣೆಯನ್ನು ಅಳೆದು ಬಳಸುವುದು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲೊರಿ ಇರುತ್ತದೆ.
• ಕಾಫಿ, ಚಹಾದ ಸಕ್ಕರೆಯನ್ನು ಕಡಿಮೆ ಮಾಡುವುದು. ಐದು ಗ್ರಾಂ ಹಿಡಿಯುವ ಚಮಚದಲ್ಲಿ ಎರಡೆರಡು ಚಮಚೆಯಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸಕ್ಕರೆಯಿಂದಲೇ 160 ಕಿಲೋಕ್ಯಾಲೊರಿ ಸೇರುತ್ತದೆ. ಬೆಲ್ಲವೂ ಇದಕ್ಕೆ ಹೊರತಲ್ಲ.

ಏಕಾದಶಿ ಮುಂತಾದ ವ್ರತಗಳ ದಿನ ಅನ್ನವನ್ನು ಬಿಟ್ಟರೂ ಸಬ್ಬಕ್ಕಿ, ಅವಲಕ್ಕಿ, ಸಿಹಿ, ಕರಿದ ತಿನಿಸುಗಳನ್ನು ಫಲಾಹಾರವಾಗಿ ಸೇವಿಸಿದರೆ ಶಕ್ತಿಯ ಸೇವನೆ ಕಡಿಮೆಯಾಗದೆ ಹೆಚ್ಚಾಗಲೂಬಹುದು.

ನಡಿಗೆ ಮತ್ತು ವ್ಯಾಯಾಮ

ವ್ಯಾಯಾಮವೊಂದರಿಂದಲೇ ಹೆಚ್ಚು ತೂಕ ಇಳಿಯುವುದು ಅಪರೂಪ. ಆದರೆ ಹೃದಯದ ಆರೋಗ್ಯ, ಸ್ನಾಯುಗಳ ರಕ್ಷಣೆ ಮತ್ತು ಇಳಿದ ತೂಕವನ್ನು ಕಾಯ್ದುಕೊಳ್ಳುವುದಕ್ಕೆ ಅದು ಅವಶ್ಯಕ. ಅತಿತೂಕ ಉಳ್ಳವರು ಊಟದ ನಂತರ ಐದು ಹತ್ತು ನಿಮಿಷಗಳ ನಡಿಗೆಯಿಂದ ಆರಂಭಿಸಿ ಕ್ರಮೇಣ ವಾರಕ್ಕೆ 150 ನಿಮಿಷಗಳವರೆಗೆ ಏರಿಸಬಹುದು. ಮೊಣಕಾಲು ನೋವಿರುವವರಿಗೆ ನೀರಿನಲ್ಲಿ ನಡೆಯುವುದು, ಸೈಕಲ್ ಯಂತ್ರ, ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮಗಳು ಅನುಕೂಲಕರ. ಕೀಲುವಾತವಿದ್ದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಹದ ತೂಕ ಒಂದು ಕಿಲೋಗ್ರಾಂ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋಗ್ರಾಂನಷ್ಟು ತಗ್ಗುತ್ತದೆ. ಎದೆನೋವು, ಅಸಹಜ ಏದುಸಿರು ಕಂಡರೆ ವ್ಯಾಯಾಮವನ್ನು ಕೂಡಲೇ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು.

ದಾಖಲೆ ಇಡುವುದು

ತಿಂದದ್ದನ್ನು ಅಂದಂದೇ ಬರೆದಿಡುವುದು ಸರಳವಾದರೂ ಪರಿಣಾಮಕಾರಿ ಕ್ರಮ. ತೂಕವನ್ನು ವಾರಕ್ಕೊಮ್ಮೆ, ಬೆಳಗ್ಗೆ ಉಪಾಹಾರಕ್ಕೆ ಮುನ್ನ, ಒಂದೇ ಯಂತ್ರದಲ್ಲಿ ನೋಡುವುದು ಸೂಕ್ತ. ಉಪ್ಪಿನ ಸೇವನೆ, ಮಲಬದ್ಧತೆ, ಋತುಚಕ್ರಗಳಿಂದ ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋಗ್ರಾಂ ಏರಿಳಿಯಬಹುದು. ಆದ್ದರಿಂದ ಒಂದು ದಿನದ ಅಂಕಿಗಿಂತ ನಾಲ್ಕು ವಾರಗಳ ಒಟ್ಟು ಚಲನೆ ಮುಖ್ಯ. ಸೊಂಟದ ಅಳತೆಯನ್ನೂ ಬರೆದಿಟ್ಟರೆ ತೂಕ ನಿಂತಂತೆ ಕಂಡಾಗಲೂ ಬದಲಾವಣೆ ಗೋಚರಿಸುತ್ತದೆ.

ಔಷಧ ಮತ್ತು ಶಸ್ತ್ರಚಿಕಿತ್ಸೆ

ಜೀವನಶೈಲಿಯ ಬದಲಾವಣೆ ಸಾಲದಾದಾಗ ವೈದ್ಯರು ಔಷಧಗಳನ್ನು ಸೂಚಿಸಬಹುದು. ವಾರಕ್ಕೊಮ್ಮೆ ಚುಚ್ಚುಮದ್ದಾಗಿ ನೀಡುವ ಸೆಮಾಗ್ಲುಟೈಡ್ ಪಡೆದವರು 2021ರ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಕಳೆದುಕೊಂಡರು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ವಾಕರಿಕೆ, ವಾಂತಿ, ಭೇದಿ ಇದರ ಸಾಮಾನ್ಯ ಅಡ್ಡಪರಿಣಾಮಗಳು.

ಜಠರದ ಗಾತ್ರವನ್ನು ಕುಗ್ಗಿಸುವ ಅಥವಾ ಆಹಾರದ ಹಾದಿಯನ್ನು ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸೂಚ್ಯಂಕ 35ಕ್ಕಿಂತ ಹೆಚ್ಚಿರುವವರಿಗೆ ಶಿಫಾರಸು ಮಾಡಿವೆ. ಏಷ್ಯಾದವರ ವಿಷಯದಲ್ಲಿ 27.5ರಿಂದಲೇ ಇದನ್ನು ಪರಿಗಣಿಸಬಹುದು ಎಂದು ಅವು ಹೇಳುತ್ತವೆ. ಶಸ್ತ್ರಚಿಕಿತ್ಸೆಯ ನಂತರ ವಿಟಮಿನ್ ಮತ್ತು ಖನಿಜಗಳ ಸೇವನೆ ಜೀವನಪರ್ಯಂತ ಬೇಕಾಗುತ್ತದೆ.

ಅಪಾಯಗಳು

ಅತಿವೇಗದ ತೂಕ ಇಳಿಕೆಯಿಂದ ಪಿತ್ತಕೋಶದ ಕಲ್ಲು, ಸ್ನಾಯುನಷ್ಟ, ಕೂದಲು ಉದುರುವಿಕೆ, ಲವಣಾಂಶಗಳ ಏರುಪೇರು ಉಂಟಾಗಬಹುದು. ದಿನಕ್ಕೆ 800 ಕಿಲೋಕ್ಯಾಲೊರಿಗಿಂತ ಕಡಿಮೆ ಆಹಾರದ ಕ್ರಮಗಳನ್ನು ವೈದ್ಯರ ನಿಗಾ ಇಲ್ಲದೆ ಪಾಲಿಸಬಾರದು. 'ಒಂದೇ ತಿಂಗಳಲ್ಲಿ 15 ಕಿಲೋ' ಎಂಬಂತಹ ಭರವಸೆಯೊಡನೆ ಮಾರಾಟವಾಗುವ ಪುಡಿ, ಕಷಾಯಗಳಲ್ಲಿ ಲೇಬಲ್ಲಿನಲ್ಲಿ ಕಾಣಿಸದ ಔಷಧಗಳು ಬೆರೆತಿರುವುದು ವಿವಿಧ ದೇಶಗಳ ತಪಾಸಣೆಗಳಲ್ಲಿ ಪತ್ತೆಯಾಗಿದೆ.

ಸಾಮಾಜಿಕ ಅಂಶಗಳು

ಸ್ಥೂಲಕಾಯದವರು ಶಾಲೆ, ಕಚೇರಿ, ಬಸ್ಸು, ಮದುವೆಮನೆಗಳಲ್ಲಿ ಹಾಸ್ಯಕ್ಕೆ ಗುರಿಯಾಗುವುದು ಸಾಮಾನ್ಯ. ಇಂತಹ ಅವಹೇಳನ ತೂಕ ಇಳಿಸಲು ನೆರವಾಗುವುದಿಲ್ಲ. ಬದಲಾಗಿ ಅತಿಯಾಗಿ ತಿನ್ನುವ ಪ್ರವೃತ್ತಿಯನ್ನು ಹೆಚ್ಚಿಸಿ ವೈದ್ಯರ ಬಳಿಗೆ ಹೋಗಲೂ ಹಿಂಜರಿಯುವಂತೆ ಮಾಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮನೆಮಂದಿಗೆಲ್ಲ ಒಂದೇ ಅಡುಗೆಯಾಗುವ ಕುಟುಂಬಗಳಲ್ಲಿ ಒಬ್ಬರ ಪಥ್ಯಕ್ಕೆ ಅಡುಗೆ ಮಾಡುವವರ ಸಹಕಾರ ಅನಿವಾರ್ಯ. ಒತ್ತಾಯ ಮಾಡಿ ಬಡಿಸುವುದೇ ಉಪಚಾರವೆಂಬ ರೂಢಿ ಇರುವೆಡೆ ಇದು ಇನ್ನಷ್ಟು ಮುಖ್ಯ.

ತೂಕದ ಮರಳುವಿಕೆ ಮತ್ತು ನಿರ್ವಹಣೆ

ಇಳಿದ ತೂಕ ಭಾಗಶಃ ಮರಳುವುದು ಸಾಮಾನ್ಯ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾಷ್ಟ್ರೀಯ ತೂಕ ನಿಯಂತ್ರಣ ನೋಂದಣಿಯು ಕನಿಷ್ಠ 13.6 ಕಿ.ಗ್ರಾಂ ಇಳಿಸಿ ಒಂದು ವರ್ಷವಾದರೂ ಕಾಯ್ದುಕೊಂಡವರನ್ನು ಅಭ್ಯಸಿಸುತ್ತಿದೆ. ಬೆಳಗಿನ ಉಪಾಹಾರ ತಪ್ಪಿಸದಿರುವುದು, ವಾರಕ್ಕೊಮ್ಮೆಯಾದರೂ ತೂಕ ನೋಡುವುದು, ದಿನಕ್ಕೆ ಸುಮಾರು ಒಂದು ಗಂಟೆಯ ಚಟುವಟಿಕೆ ಅವರಲ್ಲಿ ಬಹುಪಾಲು ಮಂದಿಯ ರೂಢಿಯಾಗಿದೆ. ಇವರು ಸ್ವಇಚ್ಛೆಯಿಂದ ನೋಂದಾಯಿಸಿಕೊಂಡವರಾದ್ದರಿಂದ ಈ ಫಲಿತಾಂಶವನ್ನು ಎಲ್ಲರಿಗೂ ನೇರವಾಗಿ ಅನ್ವಯಿಸಲಾಗದು. ಎರಡು ಮೂರು ಕಿಲೋಗ್ರಾಂ ಮರಳಿದಾಗಲೇ ಎಚ್ಚೆತ್ತು ಮೊದಲಿನ ಕ್ರಮಕ್ಕೆ ಹಿಂದಿರುಗುವುದು, ಎಲ್ಲ ತೂಕವೂ ಮರಳಿದ ಮೇಲೆ ಹೊಸದಾಗಿ ಆರಂಭಿಸುವುದಕ್ಕಿಂತ ಸುಲಭ.

ಇವನ್ನೂ ನೋಡಿ

• ಬೊಜ್ಜು
• ಮಧುಮೇಹ
• ಅಧಿಕ ರಕ್ತದೊತ್ತಡ
• ಸಮತೋಲಿತ ಆಹಾರ