ಬ್ಯಾಕಪ್ಪಿನಿಂದ ಮರಳಿದ ಯಂತ್ರವೂ ಕಾಣೆಯಾದ ಕಡತಗಳೂ

ಕೆಟ್ಟುಹೋದ ಡಿಸ್ಕನ್ನು ತೆಗೆದು ಹೊಸದನ್ನು ಜೋಡಿಸಿ, ಹಿಂದೆ ಕಾದಿರಿಸಿದ ಬ್ಯಾಕಪ್ಪಿನಿಂದ ಸಮಸ್ತ ಕಡತಗಳನ್ನೂ ಅದಕ್ಕೆ ಮರಳಿ ತುಂಬಿಸಿ, ಕಾರ್ಯವು ನಿರ್ವಿಘ್ನವಾಗಿ ಮುಗಿಯಿತೆಂಬ ಸೂಚನೆಯನ್ನು ಕಂಡು ಸಮಾಧಾನಪಟ್ಟ ಮೇಲೆಯೂ, ಕಂಪ್ಯೂಟರನ್ನು ಚಾಲೂ ಮಾಡಿದಾಗ ಅವಶ್ಯವಾದ ಕಡತವೊಂದು ದೊರೆಯಲಿಲ್ಲವೆಂಬ ಒಕ್ಕಣೆ ಪರದೆಯ ಮೇಲೆ ಮೂಡಿ ಯಂತ್ರವು ಅಲ್ಲಿಯೇ ನಿಂತುಬಿಡುವುದುಂಟು. ಪತ್ರಗಳು, ಛಾಯಾಚಿತ್ರಗಳು, ಲೆಕ್ಕಪತ್ರಗಳು ಎಲ್ಲವೂ ಡಿಸ್ಕಿನಲ್ಲಿ ಸುರಕ್ಷಿತವಾಗಿರುವಾಗಲೂ ಯಂತ್ರ ಮಾತ್ರ ಏಳದಿರುವುದಕ್ಕೆ ಕಾರಣವೇನೆಂಬುದನ್ನು ಅರಿಯಬೇಕಾದರೆ, ಅದು ಎಚ್ಚರಗೊಳ್ಳುವ ಕ್ರಮವನ್ನು ಮೊದಲು ತಿಳಿಯತಕ್ಕದ್ದು.

ಈಗಿನ ವಿಂಡೋಸ್ ಯಂತ್ರಗಳಲ್ಲಿ ವಿದ್ಯುತ್ತು ಹರಿದೊಡನೆ ಮೊದಲು ಕಾರ್ಯಪ್ರವೃತ್ತವಾಗುವುದು ಮದರ್‌ಬೋರ್ಡಿನಲ್ಲಿ ನೆಲಸಿರುವ ಯುಇಎಫ್‌ಐ ಎಂಬ ತಂತ್ರಾಂಶ. ಅದು ಡಿಸ್ಕಿನ ಒಂದು ಚಿಕ್ಕ ವಿಭಾಗವನ್ನು, ಎಂದರೆ ಸಾಮಾನ್ಯವಾಗಿ 100 ಮೆಗಾಬೈಟುಗಳಷ್ಟೇ ಇರುವ ಇಎಫ್‌ಐ ಪಾರ್ಟಿಷನ್ನನ್ನು ಹುಡುಕಿ, ಅಲ್ಲಿರುವ ಬೂಟ್ ಮ್ಯಾನೇಜರನ್ನು ಎಬ್ಬಿಸುತ್ತದೆ. ಬೂಟ್ ಮ್ಯಾನೇಜರು ಬಿಸಿಡಿ ಎಂಬ ದಾಖಲೆಯನ್ನು ಓದಿ ವಿಂಡೋಸ್ ಯಾವ ವಿಭಾಗದಲ್ಲಿದೆಯೆಂದು ಅರಿತು, ವಿನ್‌ಲೋಡ್ ಎಂಬ ಕಡತಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ವಿನ್‌ಲೋಡಾದರೋ ವ್ಯವಸ್ಥೆಯ ತಿರುಳಾದ ಕರ್ನೆಲನ್ನೂ, ಸಂಯೋಜನೆಯ ವಿವರಗಳನ್ನು ಹೊತ್ತ ರಿಜಿಸ್ಟ್ರಿಯನ್ನೂ ಸ್ಮೃತಿಕೋಶಕ್ಕೆ ತರುತ್ತದೆ. ಈ ಪರಂಪರೆಯಲ್ಲಿ ಒಂದು ಕೊಂಡಿ ಕಳಚಿದರೂ ಮುಂದಿನದು ನಡೆಯಲಾರದು.

ಇಎಫ್‌ಐ ಪಾರ್ಟಿಷನ್ನಿಗೆ ಸಿ, ಡಿ ಎಂಬಂತಹ ಅಕ್ಷರನಾಮವಿಲ್ಲದುದರಿಂದ ಅದು ಬಳಕೆದಾರನ ಕಣ್ಣಿಗೆ ಬೀಳುವುದೇ ಇಲ್ಲ. ಸಿ ಡ್ರೈವನ್ನು ಸಂಪೂರ್ಣವಾಗಿ ನಕಲು ಮಾಡಿಕೊಂಡು ಬ್ಯಾಕಪ್ ಪೂರ್ಣವಾಯಿತೆಂದು ಭಾವಿಸುವುದು, ಮನೆಯ ಸಾಮಾನನ್ನೆಲ್ಲ ಸಾಗಿಸಿ ಬೀಗದ ಕೈಯನ್ನು ಹಳೆಯ ಊರಿನಲ್ಲಿಯೇ ಬಿಟ್ಟುಬಂದಂತೆ. ಇನ್ನು ಕೆಲವು ವೇಳೆ ವಿನ್‌ಲೋಡ್ ದೊರೆಯಲಿಲ್ಲವೆಂದು ಯಂತ್ರವು ದೂರಿದರೂ ಆ ಕಡತವು ತನ್ನ ಸ್ಥಾನದಲ್ಲಿ ಅಕ್ಷತವಾಗಿಯೇ ಇರುತ್ತದೆ. ಪ್ರತಿಯೊಂದು ಡಿಸ್ಕಿಗೂ ವಿಭಾಗಕ್ಕೂ ಪ್ರತ್ಯೇಕವಾದ ಗುರುತಿನ ಸಂಖ್ಯೆಯಿದ್ದು, ಬಿಸಿಡಿಯಲ್ಲಿ ಹಳೆಯ ಡಿಸ್ಕಿನ ಸಂಖ್ಯೆಯೇ ಉಳಿದುಬಂದಿರುವಾಗ, ಬೂಟ್ ಮ್ಯಾನೇಜರು ಇಲ್ಲದ ವಿಳಾಸವನ್ನು ಅರಸಿ ಬರಿಗೈಯಲ್ಲಿ ಹಿಂದಿರುಗುತ್ತದೆ. ಆದುದರಿಂದ ಒಕ್ಕಣೆಯನ್ನು ಓದಿದೊಡನೆ ಕಡತ ನಾಶವಾಯಿತೆಂದು ನಿಶ್ಚಯಿಸಲಾಗದು.

ಕಡತಗಳು ನಿಜವಾಗಿಯೂ ಬಿಟ್ಟುಹೋಗುವ ಸಂದರ್ಭಗಳೂ ಇಲ್ಲದಿಲ್ಲ. ಯಂತ್ರವು ನಡೆಯುತ್ತಿರುವಾಗ ರಿಜಿಸ್ಟ್ರಿಯೇ ಮೊದಲಾದ ಕಡತಗಳು ಬಳಕೆಯಲ್ಲಿದ್ದು, ಇತರರು ಓದದಂತೆ ಬಂಧಿತವಾಗಿರುತ್ತವೆ. ಒಂದು ಕ್ಷಣದ ಸ್ಥಿರಚಿತ್ರವನ್ನು ಹಿಡಿದು ಅಂತಹವನ್ನೂ ನಕಲಿಗೆ ಒದಗಿಸುವ ಶ್ಯಾಡೋ ಕಾಪಿ ಎಂಬ ಸೌಕರ್ಯವು 2001ರ ವಿಂಡೋಸ್ ಎಕ್ಸ್‌ಪಿಯಿಂದ ಬಂದಿದ್ದರೂ, ಅದನ್ನು ಉಪಯೋಗಿಸದ ಸಾಧಾರಣ ನಕಲು ಸಾಧನಗಳು ಬಂಧಿತ ಕಡತಗಳನ್ನು ಬಿಟ್ಟು ಮುಂದುವರಿಯುತ್ತವೆ. ಅದಲ್ಲದೆ ಸಿಸ್ಟಮ್ 32 ಎಂಬ ಕಡತಕೋಶದಲ್ಲಿ ಕಾಣುವ ಬಹುಪಾಲು ಕಡತಗಳು ವಿನ್‌ಎಸ್‌ಎಕ್ಸ್‌ಎಸ್ ಎಂಬ ಭಂಡಾರದಲ್ಲಿರುವ ಕಡತಗಳ ಎರಡನೆಯ ಹೆಸರುಗಳು. ವಸ್ತು ಒಂದೇ, ನಾಮಗಳೆರಡು. ಭಂಡಾರವು ಬಲು ದೊಡ್ಡದೆಂದು ಅದನ್ನು ಬ್ಯಾಕಪ್ಪಿನಿಂದ ಕೈಬಿಟ್ಟವರು, ಮುಂದೆ ದುರಸ್ತಿಗೆ ಬೇಕಾಗುವ ಮೂಲಪ್ರತಿಗಳನ್ನೇ ಕಳೆದುಕೊಳ್ಳುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಪೇಜ್‌ಫೈಲ್, ಹೈಬರ್‌ಫಿಲ್ ಎಂಬ ದೊಡ್ಡ ಕಡತಗಳು ಕಾಣದಿದ್ದರೆ ಕಳವಳಪಡಬೇಕಾದುದಿಲ್ಲ. ಇವು ತಾತ್ಕಾಲಿಕ ಸ್ವರೂಪದವಾದುದರಿಂದ ಬ್ಯಾಕಪ್ ಸಾಧನಗಳು ಉದ್ದೇಶಪೂರ್ವಕವಾಗಿಯೇ ಬಿಡುತ್ತವೆ, ವಿಂಡೋಸ್ ತನಗೆ ಬೇಕಾದಾಗ ಮತ್ತೆ ಸೃಷ್ಟಿಸಿಕೊಳ್ಳುತ್ತದೆ.

ಪರಿಹಾರವೂ ಯಂತ್ರವು ಏಳುವ ಕ್ರಮದಲ್ಲಿಯೇ ಸಾಗತಕ್ಕದ್ದು. ಮೊದಲು ಬ್ಯಾಕಪ್ಪಿನ ಇನ್ನೊಂದು ಪ್ರತಿಯನ್ನು ಬೇರೆಡೆ ಭದ್ರಪಡಿಸಿ, ಹಳೆಯ ಡಿಸ್ಕು ಓದಲು ಬರುವಂತಿದ್ದರೆ ಅದನ್ನು ಮುಟ್ಟದೆ ಇರಿಸಬೇಕು. ಡಿಸ್ಕು ಬಿಟ್‌ಲಾಕರಿನಿಂದ ಗೂಢಲಿಪೀಕೃತವಾಗಿದ್ದರೆ ಅದರ 48 ಅಂಕೆಗಳ ಕೀಲಿಯನ್ನು ಕೈಯಲ್ಲಿಟ್ಟುಕೊಳ್ಳಬೇಕು. ಬಳಿಕ ವಿಂಡೋಸಿನ ಇನ್‌ಸ್ಟಾಲೇಷನ್ ಪೆನ್‌ಡ್ರೈವಿನಿಂದ ಯಂತ್ರವನ್ನೆಬ್ಬಿಸಿ, ಇಎಫ್‌ಐ ಪಾರ್ಟಿಷನ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅದನ್ನು ನಿರ್ಮಿಸಿ, ಬಿಸಿಡಿಬೂಟ್ ಎಂಬ ಆದೇಶವನ್ನು ನೀಡಿದರೆ, ಅದು ಬೂಟಿಗೆ ಅವಶ್ಯವಾದ ಕಡತಗಳನ್ನು ವಿಂಡೋಸಿನ ಕೋಶದಿಂದಲೇ ನಕಲು ಮಾಡಿ ಬಿಸಿಡಿಯನ್ನು ಹೊಸದಾಗಿ ಬರೆಯುತ್ತದೆ. ಈ ಸನ್ನಿವೇಶದಲ್ಲಿ ಡ್ರೈವುಗಳ ಅಕ್ಷರಗಳು ಎಂದಿನಂತಿರದೆ ಸಿ ಎಂಬುದು ಡಿ ಆಗಿ ತೋರಬಹುದಾದುದರಿಂದ, ಆದೇಶಕ್ಕೆ ಮೊದಲು ಅದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಯಂತ್ರವು ಎದ್ದಮೇಲೆ ಉಳಿದ ನ್ಯೂನತೆಗಳನ್ನು ತುಂಬಲು ಎರಡು ಸಾಧನಗಳಿವೆ. ಡಿಸ್ಮ್ ಎಂಬುದು ಭಂಡಾರದ ಮೂಲಪ್ರತಿಗಳನ್ನು ಪರೀಕ್ಷಿಸಿ ಸರಿಪಡಿಸುತ್ತದೆ. ಎಸ್‌ಎಫ್‌ಸಿ ಎಂಬುದು ಆ ಮೂಲಪ್ರತಿಗಳೊಡನೆ ವ್ಯವಸ್ಥಾ ಕಡತಗಳನ್ನು ಹೋಲಿಸಿ ಕೆಟ್ಟುದನ್ನು ಬದಲಾಯಿಸುತ್ತದೆ. ಭಂಡಾರವೇ ದೋಷಯುಕ್ತವಾಗಿರುವಾಗ ಎಸ್‌ಎಫ್‌ಸಿ ನಿಷ್ಫಲವಾಗುವುದು ಸಹಜವಾದುದರಿಂದ ಡಿಸ್ಮ್ ಮೊದಲು, ಎಸ್‌ಎಫ್‌ಸಿ ಅನಂತರ. ಎಸ್‌ಎಫ್‌ಸಿಯು ಸರಿಪಡಿಸಲಾರದ ಕಡತಗಳ ಹೆಸರನ್ನು ಸಿಬಿಎಸ್ ಲಾಗ್ ಎಂಬ ದಿನಚರಿಯಲ್ಲಿ ಕಾಣಬಹುದು. ಕೊರತೆಯಾದ ಡಿಎಲ್‌ಎಲ್ ಕಡತವನ್ನು ಅಪರಿಚಿತ ಜಾಲತಾಣದಿಂದ ತಂದು ಹಾಕುವುದು ಮಾತ್ರ ಸರ್ವಥಾ ಕೂಡದು. ಅದರ ಆವೃತ್ತಿ ಹೊಂದದಿರಬಹುದು, ಅದರಲ್ಲಿ ದುಷ್ಟ ತಂತ್ರಾಂಶವೂ ಅಡಗಿರಬಹುದು.

ಲಿನಕ್ಸಿನಲ್ಲಿಯೂ ತತ್ತ್ವವು ಇದೇ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಹಳೆಯ ವಿಭಾಗದ ಗುರುತು ಉಳಿದಿದ್ದರೆ ಯಂತ್ರವು ನಡುದಾರಿಯಲ್ಲಿ ನಿಲ್ಲುತ್ತದೆ. ಪ್ರಾಕ್, ಸಿಸ್ ಎಂಬ ಕೋಶಗಳ ಒಳಗಣ ವಸ್ತುಗಳನ್ನು ಕರ್ನೆಲ್ ತಾನೇ ಹುಟ್ಟಿಸುವುದರಿಂದ ಅವುಗಳನ್ನು ಬ್ಯಾಕಪ್ಪಿನಲ್ಲಿ ಸೇರಿಸುವುದಿಲ್ಲ. ಆದರೆ ಆ ಖಾಲಿ ಕೋಶಗಳನ್ನೇ ನಿರ್ಮಿಸದೆ ಬಿಟ್ಟರೆ, ಹುಟ್ಟಿದ ವಸ್ತುಗಳಿಗೆ ನೆಲೆಯಿಲ್ಲದಂತಾಗುತ್ತದೆ.

ಕಡತಗಳ ಮೊತ್ತವೇ ವ್ಯವಸ್ಥೆಯಾಗಲಾರದು. ಅವುಗಳ ಸ್ಥಾನ, ನಾಮ, ಅಧಿಕಾರ, ಪರಸ್ಪರ ಸಂಬಂಧ ಇವೆಲ್ಲವೂ ಸೇರಿದಾಗಲೇ ಅದು ವ್ಯವಸ್ಥೆ. ಆದಕಾರಣ ವಾಚಕರು ಬ್ಯಾಕಪ್ ತೆಗೆಯುವಾಗ ಕೇವಲ ಕಡತಗಳನ್ನಲ್ಲದೆ ಎಲ್ಲ ಪಾರ್ಟಿಷನ್ನುಗಳನ್ನೊಳಗೊಂಡ ಇಡೀ ಡಿಸ್ಕಿನ ಪ್ರತಿಬಿಂಬವನ್ನು ತೆಗೆದಿರಿಸಬೇಕು; ಮತ್ತು ವಿಪತ್ತು ಬರುವುದಕ್ಕೆ ಮುಂಚೆಯೇ, ಬಿಡುವಾದ ಒಂದು ದಿನ, ಅದನ್ನು ಬೇರೊಂದು ಡಿಸ್ಕಿಗೆ ತುಂಬಿಸಿ ಯಂತ್ರವು ಏಳುವುದೇ ಎಂದು ಪರೀಕ್ಷಿಸಿ ನೋಡಬೇಕು.