ಒಂಬತ್ತು ಮಿಲಿಮೀಟರ್ ಎಂದರೆ ಎಷ್ಟು?

ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಹೊಸ ಗುಂಡು ಒತ್ತಿ ಮತ್ತೆ ಬಳಸುವುದು ಅಮೆರಿಕದ ಗುರಿಕಾರರಲ್ಲಿ ಹಳೆಯ ಹವ್ಯಾಸ. (ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ.) ಈ ಕೆಲಸಕ್ಕೆ ಕೈಹಾಕಿದವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ತೋಟಾದ ಹೆಸರಿನಲ್ಲಿರುವ ಸಂಖ್ಯೆಯನ್ನು ಗುಂಡಿನ ಅಳತೆಯೆಂದು ನಂಬಬಾರದು.

.38 ಸ್ಪೆಷಲ್ ತೋಟಾವನ್ನೇ ನೋಡಿ. ಅದರ ಗುಂಡಿನ ವ್ಯಾಸ 0.38 ಇಂಚಲ್ಲ, 0.357 ಇಂಚು. ಹತ್ತೊಂಬತ್ತನೆಯ ಶತಮಾನದ ರಿವಾಲ್ವರ್ ತೋಟಾಗಳಲ್ಲಿ ಗುಂಡು ಕೇಸಿನ ಹೊರಮೈಯಷ್ಟೇ ದಪ್ಪವಿರುತ್ತಿತ್ತು. ಕಿರಿದು ಮಾಡಿದ ಹಿಂಭಾಗವಷ್ಟೇ ಕೇಸಿನೊಳಗೆ ಕೂರುತ್ತಿತ್ತು. ಗುಂಡಿಗೆ ಸವರಿ ಹೊರಗೇ ಉಳಿದ ಗ್ರೀಸಿಗೆ ಧೂಳು ಮೆತ್ತುತ್ತದೆಂದು ಮುಂದೆ ಇಡೀ ಗುಂಡಿನ ಬುಡವನ್ನೇ ಕೇಸಿನೊಳಗೆ ಇಳಿಸಿದರು. ಗುಂಡು ಸಣ್ಣದಾಯಿತು, ಹಳೆಯ ಸಂಖ್ಯೆ ಹಾಗೇ ಉಳಿಯಿತು. ಶೂಟಿಂಗ್ ಕ್ಲಬ್ಬುಗಳ .22 ತೋಟಾದಲ್ಲಿ ಆ ಹಳೆಯ ವಿನ್ಯಾಸ ಇನ್ನೂ ಇದೆ. ಬೆರಳಾಡಿಸಿದರೆ ಗುಂಡೂ ಕೇಸೂ ಒಂದೇ ಮಟ್ಟದಲ್ಲಿರುವುದು ತಿಳಿಯುತ್ತದೆ.

'9 ಮಿ.ಮೀ.' ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳೂ ಅವುಗಳ ನಡುವೆ ಉಬ್ಬುಗಳೂ ಇರುತ್ತವೆ. 1902ರ ಜರ್ಮನಿಯ ಲೂಗರ್ ತೋಟಾದ ಲೆಕ್ಕದಲ್ಲಿ ಗೀರಿನ ತಳದಿಂದ ಎದುರು ಗೀರಿನ ತಳಕ್ಕೆ 9.02 ಮಿ.ಮೀ.; ಗುಂಡು 0.355 ಇಂಚು. ಸೋವಿಯತ್ ಒಕ್ಕೂಟದ ಮಕರೋವ್ ತೋಟಾದಲ್ಲಿ ಒಂಬತ್ತು ಎಂಬುದು ಉಬ್ಬಿನಿಂದ ಉಬ್ಬಿಗೆ ಇರುವ ಅಂತರ. ಗೀರಿನ ಲೆಕ್ಕಕ್ಕೆ ಅದು 9.27 ಮಿ.ಮೀ., ಗುಂಡು 0.365 ಇಂಚು. ಎರಡಕ್ಕೂ ಒಂಬತ್ತೆಂಬ ಹೆಸರು, ಗುಂಡಿನಲ್ಲಿ ಮಾತ್ರ ಕಾಲು ಮಿಲಿಮೀಟರ್ ವ್ಯತ್ಯಾಸ.

ಕಾಲು ಮಿಲಿಮೀಟರಿನಿಂದ ಏನಾದೀತು? ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ. ದಪ್ಪ ಗುಂಡು ನಳಿಗೆಗೆ ಇಳಿಯಲು ತಡವರಿಸಿದರೆ ಅನಿಲಕ್ಕೆ ಹಿಗ್ಗಲು ಜಾಗ ಸಿಗದೆ ಒತ್ತಡ ಏರುತ್ತದೆ; ಒತ್ತಡ ಏರಿದ್ದಕ್ಕೆ ಮದ್ದು ಇನ್ನಷ್ಟು ಬೇಗ ಉರಿದು ಒತ್ತಡವನ್ನು ಮತ್ತೂ ಏರಿಸುತ್ತದೆ. ಇದೆಲ್ಲ ಒಂದು ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಮುಗಿದಿರುತ್ತದೆ. ಲೂಗರ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿ ನಿಗದಿಪಡಿಸಿದ ಮಿತಿ ಚದರ ಇಂಚಿಗೆ 35,000 ಪೌಂಡ್, ಅಂದರೆ ವಾತಾವರಣದ ಒತ್ತಡದ 2,300 ಪಟ್ಟಿಗೂ ಹೆಚ್ಚು. .38 ಸ್ಪೆಷಲ್‌ಗೆ ಆ ಮಿತಿ 17,000 ಮಾತ್ರ. ಗುಂಡು ತೀರ ಸಣ್ಣದಾದರೂ ಕ್ಷೇಮವಲ್ಲ: ಅನಿಲ ಪಕ್ಕದಿಂದ ನುಸುಳುತ್ತದೆ, ಗುರಿ ಕೆಡುತ್ತದೆ, ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ.

ವ್ಯಾಸ ಸರಿಯಿದ್ದರೂ ಉದ್ದ ಕೈಕೊಡಬಹುದು. ಲೂಗರ್ ಗುಂಡುಗಳು 115 ಗ್ರೇನ್, ಅಂದರೆ ಸುಮಾರು ಏಳೂವರೆ ಗ್ರಾಂ ತೂಕದಲ್ಲೂ ಸಿಗುತ್ತವೆ, 147 ಗ್ರೇನ್ ತೂಕದಲ್ಲೂ ಸಿಗುತ್ತವೆ. ದಪ್ಪ ಒಂದೇ ಆದ್ದರಿಂದ ಭಾರದ ಗುಂಡು ಉದ್ದವಾಗಿರುತ್ತದೆ, ಕೇಸಿನೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಹತ್ತೊಂಬತ್ತು ಮಿಲಿಮೀಟರಿನ ಆ ಪುಟ್ಟ ಕೇಸಿನಲ್ಲಿ ಮದ್ದಿನ ಜಾಗ ಮೊದಲೇ ಕಡಿಮೆ. ಹಗುರ ಗುಂಡಿಗೆಂದು ಹೇಳಿದ ಮದ್ದಿನ ಪ್ರಮಾಣವನ್ನು ಭಾರದ ಗುಂಡಿಗೆ ಹಾಕುವುದು ಪಿಸ್ತೂಲನ್ನೂ ಅದನ್ನು ಹಿಡಿದ ಕೈಯನ್ನೂ ಪಣಕ್ಕಿಟ್ಟ ಹಾಗೆ. ನಾಲ್ಕು ಜನ ಹೇಳಿದರೆಂದು ಮದ್ದಿನ ಲೆಕ್ಕ ಮಾಡುವುದನ್ನು ನಾನಂತೂ ಒಪ್ಪಲಾರೆ. ಮದ್ದು ತಯಾರಿಸಿದವರು ಪರೀಕ್ಷಿಸಿ ಅಚ್ಚು ಹಾಕಿದ ಕೈಪಿಡಿಯಲ್ಲಿ ಅದೇ ಗುಂಡಿಗೆ ಕೊಟ್ಟ ಕನಿಷ್ಠ ಪ್ರಮಾಣದಿಂದಲೇ ಶುರುಮಾಡಬೇಕು.

ಹಳೆಯ ಪಿಸ್ತೂಲಾದರೆ ನಳಿಗೆಯನ್ನೇ ಅಳೆಯುವುದು ಲೇಸು. ಬಿಚ್ಚಿದ ನಳಿಗೆಗೆ ಎಣ್ಣೆ ಸವರಿ, ಮೆತ್ತನೆಯ ಸೀಸದ ಉಂಡೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ ಆಚೆ ತೆಗೆದರೆ, ಗೀರುಗಳ ಅಚ್ಚು ಅದರ ಮೇಲೆ ಮೂಡಿರುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿಯುತ್ತಾರೆ. ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರುಗಳ ಹಾಗೆ ಐದು ಗೀರುಗಳಿದ್ದರೆ ಒಂದರ ಎದುರಿಗೆ ಇನ್ನೊಂದು ಬರುವುದಿಲ್ಲ. ಮಾಮೂಲಿ ಮೈಕ್ರೋಮೀಟರ್ ಆಗ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇಂಗ್ಲಿಷಿನ 'ವಿ' ಆಕಾರದ ಹಿಡಿಯಿರುವುದೇ ಬೇಕು. ಎರಕದ ಸೀಸದ ಗುಂಡಿಗೆ ಆ ಅಳತೆಯ ಮೇಲೆ ಇಂಚಿನ ಸಾವಿರದ ಒಂದು ಭಾಗ ಸೇರಿಸುವುದು ರೂಢಿ. ಅದು ಕೂದಲೆಳೆಗಿಂತ ಕಡಿಮೆ. ತಾಮ್ರದ ಹೊದಿಕೆಯ ಗುಂಡು ಗಡುಸು, ಅದಕ್ಕೆ ಈ ಹೆಚ್ಚಳ ಬೇಡ.

ಇಷ್ಟಾದ ಮೇಲೆ ಮದ್ದೂ ಪ್ರೈಮರೂ ಇಲ್ಲದ ಒಂದು ತೋಟಾ ಕಟ್ಟಿ, ಬಿಚ್ಚಿದ ನಳಿಗೆಯೊಳಗೆ ಬಿಡಬೇಕು. ತನ್ನ ಭಾರಕ್ಕೇ ಟಕ್ಕೆಂದು ಕೂತು, ನಳಿಗೆ ಬೋರಲು ಮಾಡಿದಾಗ ತಾನಾಗಿ ಬಿದ್ದರೆ ಸರಿ. ಸಿಕ್ಕಿಕೊಂಡರೆ ಗುಂಡು ದಪ್ಪವಿರಬೇಕು, ಇಲ್ಲವೇ ತೀರ ಮೇಲೆ ಕೂತಿರಬೇಕು. ಬೆರಳಿನಿಂದ ಒತ್ತಿ ಕೂರಿಸಹೋಗದೆ, ಕಾರಣ ಸಿಗುವವರೆಗೆ ಮದ್ದಿನ ಡಬ್ಬಿಯನ್ನು ತೆರೆಯದಿರಬೇಕು.